‘ಆಗಲ್ಲ’ ಕಲಿಸಲು ಹೊರಟ ಕೋಲೆ ಬಸವ

ನನಗೆ ಸ್ಪ್ಯಾನಿಷ್ ಬರುತ್ತದೆ ಎಂದರೆ ಜಪಾನಿನ ತ್ಸುಕುಬಾದ ಕನ್ನಡದವರು ಯಾರೂ ಮೊದಲ ಸಲಕ್ಕೆ ನಂಬುವುದಿಲ್ಲ. ಬೆಂಗಳೂರಿನಲ್ಲಿ ಕಾಲ್ ಸೆಂಟರ್ ಕೆಲಸಕ್ಕೆಂದು ಕಲಿತದ್ದು. ಆಮೇಲೆ ಮನಶ್ಶಾಸ್ತ್ರ ಓದಿ, ಪಿಎಚ್‌ಡಿಗೆಂದು ಜಪಾನಿಗೆ ಬಂದಾಗ ಆ ಭಾಷೆಯನ್ನು ಅಟ್ಟಕ್ಕೆ ಹಾಕಿದ ಹಾಗೆಯೇ ಎಂದುಕೊಂಡಿದ್ದೆ. ಆದರೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಊರೊಂದರಲ್ಲಿ ಪೆರು ದೇಶದಿಂದ ಬಂದವರು ಬಹಳ ಜನ. ಅಲ್ಲಿನ ಮನೋವೈದ್ಯರ ಕ್ಲಿನಿಕ್ಕಿಗೆ ಸ್ಪ್ಯಾನಿಷ್ ಬಲ್ಲವರೊಬ್ಬರು ಬೇಕಾಗಿತ್ತು. ವೈದ್ಯರು ಮೆಲುಮಾತಿನ ಹಿರಿಯರು, ನಾವೆಲ್ಲ ಸೆನ್ಸೇ, ಅಂದರೆ ಗುರುಗಳೇ, ಎನ್ನುತ್ತಿದ್ದೆವು. ಹೀಗೆ ವಾರಕ್ಕೊಂದು ಮಧ್ಯಾಹ್ನ ನಾನು ಅಲ್ಲಿಗೆ ಹೋಗತೊಡಗಿದೆ.

ನನ್ನ ಪಾಲಿಗೆ ಮೊದಲು ಬಂದವರು ಒಬ್ಬ ತಾಯಿ ಮತ್ತು ಮಗ. ಮಗನಿಗೆ ನಲವತ್ತೆರಡು. ನನಗಿಂತ ದೊಡ್ಡವನು, ಆದರೆ ತಾಯಿಯ ಬಾಯಲ್ಲಿ ಕೇಳಿ ಕೇಳಿ ಈ ಬರಹದಲ್ಲೂ ‘ಅವನು’ ಆಗಿಬಿಟ್ಟಿದ್ದಾನೆ. ಹಗಲೂ ರಾತ್ರಿಯೂ ತೆರೆದಿರುವ ಕೊಂಬಿನಿ ಅಂಗಡಿಗಳಿಗೆ ಊಟದ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಕೆಲಸ. ಅವನ ಮುತ್ತಜ್ಜ ಜಪಾನಿನಿಂದ ಪೆರುವಿಗೆ ಹೋದವರಂತೆ, ಹಾಗಾಗಿ ಮುಖ ಪಕ್ಕಾ ಜಪಾನಿನದು. ಅದೇ ಅವನಿಗೆ ಕಷ್ಟ. ನಾನು ಜಪಾನಿ ತಪ್ಪಾಗಿ ಮಾತಾಡಿದರೆ ಪಾಪ, ಹೊರಗಿನವಳು ಎಂದು ನಗುತ್ತಾರೆ. ಅವನು ತಡವರಿಸಿದರೆ ಹುಬ್ಬು ಏರಿಸುತ್ತಾರೆ.

ಅವನಿಗಿದ್ದದ್ದು ಸ್ಕಿಜೋಫ್ರೇನಿಯಾ, ಯಾರೂ ಆಡದ ಮಾತು ಕಿವಿಗೆ ಕೇಳಿಸುವ ಕಾಯಿಲೆ. ಮಾತ್ರೆ ನುಂಗಿ, ರಾತ್ರಿ ಕಣ್ತುಂಬ ನಿದ್ದೆ ಮಾಡಿದರೆ ಆ ದನಿಗಳು ತೆಪ್ಪಗಿರುತ್ತಿದ್ದವು. ನಿದ್ದೆ ಕೆಟ್ಟರೆ ಎದ್ದು ಕೂರುತ್ತಿದ್ದವು, ಇವನು ರಾತ್ರಿಯೆಲ್ಲ ಅವಕ್ಕೆ ಉತ್ತರ ಕೊಡುತ್ತಿದ್ದ. ಹಿಂದೆ ಎರಡು ಸಲ ಆಸ್ಪತ್ರೆ ಸೇರಿದ್ದು ರಾತ್ರಿ ಪಾಳಿ ಮಾಡಿ ಮಾಡಿಯೇ. ಮೂರನೆಯ ಸಲ ಸೇರಿದರೆ ಕೆಲಸ ಉಳಿಯುವುದಿಲ್ಲ ಎಂಬುದು ಅವನಿಗೂ ತಾಯಿಗೂ ಸೆನ್ಸೇಗೂ ಗೊತ್ತಿತ್ತು. ಆದರೆ ನಾಳೆ ರಾತ್ರಿ ಬರ್ತೀಯಾ ಎಂದು ಮೇಸ್ತ್ರಿ ಕೇಳಿದರೆ ಇವನ ಬಾಯಿಂದ ಬರುವುದು ‘ಹೈ’ ಒಂದೇ, ಅಂದರೆ ಆಗಲಿ. ರಾತ್ರಿ ಪಾಳಿ ಕೊಡಬೇಡಿ ಎಂದು ಸೆನ್ಸೇ ಪತ್ರ ಬರೆದುಕೊಡಲು ತಯಾರಿದ್ದರು. ಕಾಯಿಲೆಯ ಸುದ್ದಿ ಕಾರ್ಖಾನೆಗೆ ಹೋಗುವುದು ಅವನಿಗೆ ಬೇಡವಾಗಿತ್ತು. ಹಾಗಾದರೆ ಅವನೇ ಬಾಯಿಬಿಟ್ಟು ಆಗಲ್ಲ ಎನ್ನಬೇಕು. ಅದನ್ನು ಅಭ್ಯಾಸ ಮಾಡಿಸುವುದು ನನ್ನ ಕೆಲಸ.

ಯಾರಿಗೆ ಯಾರು ಗುರು! ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ. ಯುಗಾದಿಗೆ ನಲವತ್ತು ಜನಕ್ಕೆ ಒಬ್ಬಟ್ಟು ಮಾಡಿಕೊಡ್ತೀರಾ ಎಂದು ಇಲ್ಲಿನ ಕನ್ನಡದವರು ಕೇಳಿದಾಗ ‘ಅಯ್ಯೋ, ಅದಕ್ಕೇನಂತೆ’ ಎಂದವಳು ನಾನು. ಎರಡು ದಿನ ಕಣಕ ನಾದುತ್ತಾ ಕೇಳಿದವರನ್ನೆಲ್ಲ ಮನಸ್ಸಿನಲ್ಲೇ ಬೈದಿದ್ದೆ.

ಇಂಥ ಅಭ್ಯಾಸ ಮಾಡಿಸಲೆಂದು ನಮಗಿದ್ದ ಕೈಪಿಡಿಯ ಪ್ರಕಾರ ಬರುವವರು ಒಬ್ಬರೇ ಬರಬೇಕು. ನೆಟ್ಟಗೆ ಕೂತು, ಕಣ್ಣಲ್ಲಿ ಕಣ್ಣಿಟ್ಟು, ಸ್ಪಷ್ಟವಾಗಿ ಬೇಡ ಎನ್ನಬೇಕು. ಇವನ ತಾಯಿಯೋ ಪ್ರತಿ ವಾರವೂ ಜೊತೆಗೆ ಬರುವವರೇ. ಆಕೆ ಹೊರಗೆ ಕೂತರೆ ಹೇಗೆ ಎಂದು ಸೆನ್ಸೇ ಅಳುಕುತ್ತಲೇ ಕೇಳಿದರು. ನನಗೆ ರೇಗಿತು. ನಮ್ಮ ಕಡೆ ಹಲ್ಲು ಕೀಳಿಸುವುದಕ್ಕೂ ಮೂರು ಜನ ಜೊತೆಗೆ ಹೋಗುತ್ತಾರೆ, ಇವರ ಕಡೆಯೂ ಹಾಗೇ, ತಾಯಿಯನ್ನು ಹೊರಗೆ ಕೂರಿಸಿದರೆ ಮಗನ ಮನಸ್ಸೂ ಹೊರಗೇ ಕೂರುತ್ತದೆ ಎಂದುಬಿಟ್ಟೆ. ಸೆನ್ಸೇ ತಾವೇ ಹೋಗಿ ಇನ್ನೊಂದು ಕುರ್ಚಿ ತಂದರು. ಆಕೆ ಮುಂದಿನ ವಾರದಿಂದ ಅಕ್ಕಿ-ಹಾಲಿನ ಸಿಹಿ ತರತೊಡಗಿದರು. ನಮ್ಮ ಪಾಯಸವೇ, ಏಲಕ್ಕಿ ಬದಲು ಚಕ್ಕೆ ಅಷ್ಟೇ. ನಾನು ಆಕೆಗೆ ‘ಇಹಿತಾ’ ಆದೆ, ಅಂದರೆ ಪುಟ್ಟ ಮಗಳು.

ಅಭ್ಯಾಸ ಶುರುವಾಯಿತು. ನಾನು ಮೇಸ್ತ್ರಿ. ನಾಳೆ ರಾತ್ರಿ ಬರ್ತೀಯಾ ಎಂದು ಜಪಾನಿಯಲ್ಲಿ ಗತ್ತಿನಿಂದ ಕೇಳುತ್ತಿದ್ದೆ. ಅವನು ಪ್ಯಾಂಟಿಗೆ ಅಂಗೈ ಒರೆಸಿಕೊಂಡು, ಹೇಗೋ ಆಗಲ್ಲ ಎಂದುಬಿಡುತ್ತಿದ್ದ. ನನಗೆ ಖುಷಿಯೋ ಖುಷಿ. ಆದರೆ ಮರುಕ್ಷಣವೇ ಅವನು ಇಲ್ಲ ಇಲ್ಲ, ಬರ್ತೀನಿ ಎನ್ನುತ್ತಿದ್ದ. ವಾರ ವಾರವೂ ಇದೇ ಕಥೆ. ನಾನು ಕೈಪಿಡಿಯನ್ನು ಬೈದೆ, ನನ್ನ ಜಪಾನಿಯನ್ನು ಬೈದುಕೊಂಡೆ, ಒಳಗೊಳಗೇ ಅವನನ್ನೂ ಬೈದೆ. ಆರನೆಯ ವಾರ ತಾಳ್ಮೆ ಕೆಟ್ಟು, ಹೇಳಿದ ಮಾತನ್ನು ಯಾಕೆ ವಾಪಸು ತಗೊಳ್ತೀರಿ ಎಂದು ಕೇಳಿಯೂಬಿಟ್ಟೆ. ಅವನು ತಲೆ ತಗ್ಗಿಸಿದ. ತಾಯಿ ಚಮಚ ಕೆಳಗಿಟ್ಟರು.

“ಇಹಿತಾ, ಅವನು ಆಗಲ್ಲ ಅಂದ ತಕ್ಷಣ ನೀನು ಯಾಕಮ್ಮ ‘ಉಹೂಂ, ನಡಿಯಲ್ಲ’ ಅಂತ ತಲೆ ಆಡಿಸ್ತೀಯ?”

ನನಗೆ ಅರ್ಥವೇ ಆಗಲಿಲ್ಲ. ಆಕೆ ಮಾಡಿ ತೋರಿಸಿದರು. ಕತ್ತು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ನಮ್ಮ ವಂಶದವರೆಲ್ಲ ‘ಸರಿ ಸರಿ, ಭೇಷ್’ ಎನ್ನಲು ಆಡಿಸುವ ತಲೆ ಅದು! ಅವರಿಗೆ ಅಡ್ಡಡ್ಡ ಆಡಿದ ತಲೆ ಎಂದರೆ ಇಲ್ಲ. ಆರು ವಾರ ನಾನು ಕೋಲೆ ಬಸವನ ಹಾಗೆ ತಲೆ ಆಡಿಸಿ ಅವನನ್ನು ಹೊಗಳಿದ್ದೆ, ಅವನು ಆರು ವಾರ ಮೇಸ್ತ್ರಿ ಗದರಿಸಿದನೆಂದು ಹೆದರಿದ್ದ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸ್ಪ್ಯಾನಿಷಿನಲ್ಲಿ ಕ್ಷಮೆ ಕೇಳಿ, ಸಾಲದೆಂದು ಜಪಾನಿಯಲ್ಲಿ ಸುಮಿಮಾಸೆನ್ ಎಂದೂ ಹೇಳಿದೆ. ಅವನು ನಕ್ಕುಬಿಟ್ಟ. ಅವನು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ತಲೆಯನ್ನು ನಿಲ್ಲಿಸೋಣವೆಂದರೆ ಅದು ನನ್ನ ಮಾತು ಕೇಳಬೇಕಲ್ಲ. ಕೊನೆಗೆ ತಾಯಿ ನನ್ನ ಕುರ್ಚಿಯ ಹಿಂದೆ ನಿಂತು, ಸಂತೆಯಲ್ಲಿ ಕುಂಬಳಕಾಯಿ ಹಿಡಿದ ಹಾಗೆ ನನ್ನ ತಲೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. ನಗು ಕೇಳಿ ಸೆನ್ಸೇ ಬಾಗಿಲು ತೆರೆದರು. ವಿಷಯ ತಿಳಿದು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅವರೂ ನಕ್ಕರು. ಅವರೆದುರಿಗೇ ಅವನು ಕೈಪಿಡಿಯಲ್ಲಿದ್ದ ಹಾಗೆ, ರಾತ್ರಿ ಕೆಲಸ ನನ್ನಿಂದ ಆಗಲ್ಲ ಎಂದು ಜಪಾನಿಯಲ್ಲಿ ಹೇಳಿದ. ಈ ಸಲ ವಾಪಸು ತೆಗೆದುಕೊಳ್ಳಲಿಲ್ಲ. ಆದರೆ ಸೆನ್ಸೇ ಹುಣಸೆಕಾಯಿ ಕಚ್ಚಿದವರ ಹಾಗೆ ಮುಖ ಮಾಡಿದರು. ಇಲ್ಲಿ ಹೀಗೆ ಮುಖಕ್ಕೆ ಹೊಡೆದ ಹಾಗೆ ಯಾರೂ ಹೇಳುವುದಿಲ್ಲವಂತೆ.

ನೀವಾದರೆ ಹೇಗೆ ಹೇಳ್ತೀರಿ ಎಂದು ಕೇಳಿದೆ. ಸೆನ್ಸೇ ಸಂಕೋಚದಿಂದಲೇ ಕತ್ತು ಒಂದು ಪಕ್ಕಕ್ಕೆ ವಾಲಿಸಿ, ಹಲ್ಲಿನ ಸಂದಿಯಿಂದ ಉಸಿರು ಎಳೆದುಕೊಂಡರು.

“ಯೋರು ವಾ, ಚೊತ್ತೊ...”

‘ರಾತ್ರಿ ಅಂದ್ರೆ, ಸ್ವಲ್ಪ...’ ಎಂದು ಅರ್ಥ. ಅಷ್ಟಕ್ಕೇ ನಿಲ್ಲಿಸಿದರು. ಇದರಲ್ಲಿ ಬೇಡ ಎಲ್ಲಿದೆ ಎಂದು ತಾಯಿ ಕೇಳಿದರು. ನನಗೆ ಹೊಳೆಯಿತು. ಚಿಕ್ಕಂದಿನಲ್ಲಿ ಸೈಕಲ್ ಕೇಳಿದಾಗ ನಮ್ಮಪ್ಪ ‘ನೋಡೋಣ’ ಎನ್ನುತ್ತಿದ್ದರು, ಆ ಸೈಕಲ್ ಇವತ್ತಿಗೂ ಬಂದಿಲ್ಲ. ಅದನ್ನು ಹೇಳಿದ್ದೇ ತಡ, ತಾಯಿ ತೊಡೆ ತಟ್ಟಿಕೊಂಡು, ನಾವೂ ‘ಬೆರೇಮೋಸ್’ ಅಂತೀವಲ್ಲ, ಅದೂ ನೋಡೋಣ ಅಂತಲೇ ಎಂದರು. ಮೂರು ದೇಶದವರೂ ಹಾವೂ ಸಾಯದ ಹಾಗೆ, ಕೋಲೂ ಮುರಿಯದ ಹಾಗೆ ಬೇಡ ಎನ್ನುವವರೇ. ಕೈಪಿಡಿ ಬರೆದವರಿಗೆ ಮಾತ್ರ ಅದು ಗೊತ್ತಿರಲಿಲ್ಲ. ಅವತ್ತು ಅವನು ಉಸಿರೆಳೆಯುವುದನ್ನು ಇಪ್ಪತ್ತು ಸಲವಾದರೂ ಅಭ್ಯಾಸ ಮಾಡಿರಬೇಕು. ನನ್ನ ತಲೆ ತಾಯಿಯ ಕೈಯಲ್ಲೇ ಇತ್ತು.

ಆ ವಾರ ನನಗೆ ಓದು ತಲೆಗೆ ಹತ್ತಲಿಲ್ಲ. ಮೇಸ್ತ್ರಿ ಒತ್ತಾಯ ಮಾಡಿದರೆ? ಇವನು ಮತ್ತೆ ಹೈ ಎಂದರೆ? ಮುಂದಿನ ವಾರ ಅವರು ಒಳಗೆ ಬಂದಾಗ ನಾನು ಎದ್ದೇ ನಿಂತಿದ್ದೆ. ಅವನು ಕುರ್ಚಿಯ ಅಂಚಿಗೆ ಕೂತು ನಡೆದದ್ದನ್ನು ಹೇಳಿದ. ಸೋಮವಾರ ಮೇಸ್ತ್ರಿ ಕೇಳಿದ. ಇವನು ಕತ್ತು ವಾಲಿಸಿ, ಉಸಿರೆಳೆದು, ಕಲಿತ ಮಾತು ಹೇಳಿದ. ಮೇಸ್ತ್ರಿ ಓ, ಹೌದಾ ಎಂದು ಪಕ್ಕದವನನ್ನು ಕೇಳಲು ಹೋದ. ಇವನು ಬೈಗುಳಕ್ಕೆ ಕಾಯುತ್ತಾ ಹಾಗೇ ನಿಂತಿದ್ದನಂತೆ. ಅಷ್ಟರಲ್ಲಿ ಇವನು ಮೊಟ್ಟೆ ಇಡಬೇಕಿದ್ದ ನಾಲ್ಕು ಊಟದ ಡಬ್ಬಿ ಮೊಟ್ಟೆಯಿಲ್ಲದೆ ಮುಂದೆ ಹೋಗಿದ್ದವು.

“ಅಷ್ಟೇನಾ?” ಎಂದ ಅವನು. “ಇಷ್ಟು ವರ್ಷ ನಾನು ಹೆದರಿದ್ದು ಇದಕ್ಕಾ?”

ಮಾರನೆಯ ರಾತ್ರಿ ನಿದ್ದೆ ಹೇಗಿತ್ತು ಎಂದು ನಾನು ತಾಯಿಯನ್ನು ಕೇಳಿದೆ.

“ಅವನು ಮಲಗಿದ. ನಾನು ಮಲಗಲಿಲ್ಲ,” ಎಂದರು. “ಗೋಡೆ ಆಚೆ ಅವನು ಯಾರ ಜೊತೆಗೂ ಮಾತಾಡ್ತಿರಲಿಲ್ಲ ಮಗಳೇ. ಬರೀ ಗೊರಕೆ. ಬೆಳಗಿನ ತನಕ ಅದನ್ನೇ ಕೇಳ್ತಾ ಕೂತಿದ್ದೆ.”

ನನಗೆ ಅಳು ತಡೆಯಲಾಗಲಿಲ್ಲ, ಆಕೆಗೂ ಆಗಲಿಲ್ಲ. ಅವನು ನಮ್ಮಿಬ್ಬರನ್ನೂ ಒಂದು ಸಲ ನೋಡಿದ.

“ನಾನು ಗೊರಕೆ ಹೊಡಿಯಲ್ಲಮ್ಮ,” ಎಂದ.