ಬೋರ್ಡಿಲ್ಲದ ನೀರು

ಹೊರದೇಶದಲ್ಲಿ ಕಷ್ಟಕ್ಕೆ ಸಿಕ್ಕವರ ದೂರು ಕೇಳುವ ಸರ್ಕಾರಿ ಕೌಂಟರು ನನ್ನದು, ಸಿಕಂದರಾಬಾದಿನಲ್ಲಿ. ಒಂದು ದಿನ ಮೆಹದಿಪಟ್ಟಣಂನ ಹೆಣ್ಣುಮಗಳೊಬ್ಬಳು ಬಂದಳು. ಗಂಡ ಏಜೆಂಟನನ್ನು ನಂಬಿ ಕಳ್ಳದಾರಿಯಲ್ಲಿ ಯುರೋಪಿಗೆ ಹೊರಟಿದ್ದ.

"ಸಮುದ್ರದಾಗ ದೋಣಿ ಕೆಟ್ಟು ನಿಂತೈತ್ರಿ. ನೀರು ಒಳಗ ಬರಾಕತ್ತೈತಿ."

ಆ ಸಮುದ್ರದ ಎರಡು ದಡಗಳ ದೇಶಗಳಿಗೂ ಫೋನ್ ಮಾಡಿಸಿದೆ. ದೋಣಿ ತಮ್ಮ ಸರಹದ್ದಿನಲ್ಲಿಲ್ಲ ಎಂದು ಇಬ್ಬರೂ ಅಂದರು.

"ಯಾರ ಸರಹದ್ದಿನಾಗ ಅದಾರಂತ ಗೊತ್ತಾಗಬೇಕವ್ವ," ಅಂದೆ.

ಆಕೆ ಗಂಡನಿಗೆ ಫೋನ್ ಹಚ್ಚಿ ನನ್ನ ಕೈಗೇ ಕೊಟ್ಟಳು. ಅತ್ತ ಮಗುವೊಂದು ಅಳುತ್ತಿತ್ತು. ನನ್ನ ಬಾಯಿಗೆ ಬಂದದ್ದು ಅದೇ ಪ್ರಶ್ನೆ: "ಯಾರ ಸರಹದ್ದಿನಾಗ ಅದೀರಿ?"

"ಸಾಹೇಬ್ರ, ಇಲ್ಲಿ ಬೋರ್ಡ್ ಇಲ್ರಿ," ಅಂದ. ಲೈನು ಕಡಿಯಿತು. ಮತ್ತೆ ಹತ್ತಲಿಲ್ಲ.

ಸಂಜೆ ಮನೆಗೆ ಹೋಗುವಾಗ ನಾಚಾರಂ ದಾರಿಯಲ್ಲಿ, ಒಂದು ಪೊಲೀಸ್ ಠಾಣೆಯ ಸರಹದ್ದು ಮುಗಿಯುವಲ್ಲಿ ದೊಡ್ಡ ಬೋರ್ಡು ಕಂಡಿತು. ಅದಕ್ಕೆ ದೀಪ ಬೇರೆ ಹಾಕಿದ್ದಾರೆ, ಯಾರೂ ದಾರಿ ತಪ್ಪಬಾರದೆಂದು.