ಯುಗಾದಿಗೆ ನಿಲ್ಲದ ಪಂಚಾಂಗ

ಘಾಟ್ಕೋಪರಿನ ಜಯಸಿಂಹ ಮಾತಿಗೆ ಹಿಂಜರಿಯುವ, ಆದರೆ ಕೆಲಸ ಕೊಟ್ಟರೆ ಅದಕ್ಕೆ ಒಂದು ಗಂಟು ಹೆಚ್ಚಿಗೆ ಹಾಕಿಯೇ ಬಿಡುವ ಮನುಷ್ಯ. ದಹಿಸರ್‌ನ ಕನ್ನಡ ಸಂಘದವರು ಇಷ್ಟು ವರ್ಷ ಅವನನ್ನು ಕುರ್ಚಿ ಜೋಡಿಸಲು ಮಾತ್ರ ಕರೆದಿದ್ದರು. ತೊಂಬತ್ತನಾಲ್ಕರ ರಾಜ್ಯೋತ್ಸವಕ್ಕೆ ಮೊದಲ ಸಲ ಬೇರೆ ಕೆಲಸ ಬಂತು. ಅವನು ಆಫೀಸಿನ ಕಂಪ್ಯೂಟರಿನಲ್ಲಿ ವೆಬ್ ಪುಟಗಳಾಗಿ ಮಾಡಿಟ್ಟಿದ್ದ ಪಂಚಾಂಗವನ್ನು ಭಾನುವಾರ ಸಭೆಗೆ ತೋರಿಸಬೇಕೆಂದು ಕಾರ್ಯದರ್ಶಿ ಸರಸ್ವತಿ ಹೇಳಿದರು. ಆ ದಿನ ಮನೆಯಲ್ಲಿ ಹೆಂಡತಿ ಕೇಳುವ ಮೊದಲೇ ಅವನು ಇನ್ನೊಮ್ಮೆ ಅನ್ನ ಹಾಕಿಸಿಕೊಂಡ.

ಆಫೀಸಿನ ಕಂಪ್ಯೂಟರಿಗೆ ಸಂಪರ್ಕ ಪಡೆಯಲು ಸಂಘದ ಹಾಲ್‌ನಲ್ಲಿ ಫೋನ್ ಲೈನ್ ಇರಲಿಲ್ಲ. ಎಲ್ಲವನ್ನೂ ಫ್ಲಾಪಿಗೆ ನಕಲು ಮಾಡಿ ಒಯ್ದು ಅಲ್ಲಿನ ಕಂಪ್ಯೂಟರಿನಲ್ಲಿ ತೋರಿಸಬೇಕಿತ್ತು. ಅದಕ್ಕೊಂದು ಪ್ರೋಗ್ರಾಮ್ ಇತ್ತು. ಮೊದಲ ಪುಟದಿಂದ ಹೊರಟು, ಕಂಡ ಕೊಂಡಿಯನ್ನೆಲ್ಲ ಹಿಡಿದು ಹೋಗಿ, ಸಿಕ್ಕ ಪುಟವನ್ನೆಲ್ಲ ನಕಲು ಮಾಡುವುದು ಅದರ ಕೆಲಸ. ಶುಕ್ರವಾರ ಸಂಜೆ ಅದನ್ನು ಓಡಲು ಬಿಟ್ಟು ಜಯಸಿಂಹ ಲೋಕಲ್ ರೈಲು ಹಿಡಿದ.

ಮರುದಿನ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವ ಫಕ್ರುದ್ದೀನ ಬಾಗಿಲಲ್ಲೇ ನಿಂತಿದ್ದ.

"ಬರ್ರಿ ಸಾಹೇಬ್ರ. ಡಿಸ್ಕ್ ತುಂಬೇತಿ. ನಿಮ್ಮ ಪಂಚಾಂಗ ಎರಡು ಸಾವಿರದ ನೂರಾ ಐವತ್ತನೇ ಇಸ್ವಿಗೆ ಮುಟ್ಟೇತಿ. ಅಷ್ಟೊತ್ತಿಗಾದ್ರೂ ನನ್ನ ಪ್ರಮೋಷನ್ ಆಗೇತೋ ಇಲ್ಲೋ, ಸ್ವಲ್ಪ ನೋಡಿ ಹೇಳ್ರಿ."

ಪ್ರತಿ ಪುಟದ ಕೆಳಗೆ 'ನಾಳೆ' ಎಂಬ ಕೊಂಡಿ ಹಾಕಿದ್ದವನು ಜಯಸಿಂಹನೇ. ಒತ್ತಿದರೆ ಕಂಪ್ಯೂಟರು ಆಗಲೇ ಲೆಕ್ಕ ಹಾಕಿ ಮರುದಿನದ ತಿಥಿ ಹೇಳುತ್ತಿತ್ತು. ಪ್ರೋಗ್ರಾಮಿಗೇನು ಗೊತ್ತು ಪಾಪ? ನಾಳೆಗೆ ಹೋದರೆ ಅಲ್ಲೂ ಒಂದು ನಾಳೆ. ಸಾಲದ್ದಕ್ಕೆ ಪುಟಗಳ ವಿಳಾಸದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ, ಅದರ ಬಾಲಕ್ಕೆ ದಿನ, ಊರು, ನೋಡುವವರ ಹೆಸರು. ಕೇಳಿದ್ದಕ್ಕೆ ಉತ್ತರ ಹೇಳಲು ಆಫೀಸಿನಲ್ಲಿ ಕಂಪ್ಯೂಟರು ಕೂತಿರುತ್ತದೆ. ಫ್ಲಾಪಿಯೊಳಗೆ ಯಾರು ಕೂತಿರುತ್ತಾರೆ?

ಮಧ್ಯಾಹ್ನ ಮನೆಯಲ್ಲಿ ತಟ್ಟೆಯ ಮುಂದೆ ಕೂತು, ಸಂಘಕ್ಕೆ ಹೇಗೆ ಮುಖ ತೋರಿಸುವುದು ಎಂದು ಹೆಂಡತಿಗೆ ಹೇಳಿಕೊಂಡ. ಪುಟ್ಟಲಕ್ಷ್ಮಿ ಸೌಟು ಕೆಳಗಿಟ್ಟು ನಕ್ಕಳು.

"ಅಲ್ಲಾರೀ, ಗೋಡೆ ಮೇಲಿರೋ ಪಂಚಾಂಗ ಕೂಡ ಯುಗಾದಿಗೆ ಸುಮ್ನಾಗತ್ತೆ. ನಿಮ್ದು ಮಾತ್ರ ನಮ್ಮತ್ತೆ ಥರ, ಶುರು ಮಾಡಿದ್ರೆ ನಿಲ್ಸೋದೇ ಇಲ್ಲ."

"ಅಮ್ಮನ್ನ ಯಾಕೆ ಎಳೀತೀಯ," ಎನ್ನುತ್ತಲೇ ಜಯಸಿಂಹ ಎದ್ದು ಚಪ್ಪಲಿ ಹುಡುಕತೊಡಗಿದ.

"ಹುಳಿ ಹಾಕಿದೀನಲ್ಲ?"

"ಬಂದು ತಿಂತೀನಿ."

ಸಂಜೆಯವರೆಗೆ ಆಫೀಸಿನಲ್ಲಿ ಕೂತು ಒಂದೊಂದು ದಿನಕ್ಕೂ ಮೊದಲೇ ಒಂದೊಂದು ಪುಟ ಬರೆಸಿಟ್ಟ. ವಿಳಾಸದಲ್ಲಿ ವರ್ಷ, ತಿಂಗಳು, ದಿನ, ಇಷ್ಟೇ. ಪ್ರಶ್ನೆಯಿಲ್ಲ, ಬಾಲವಿಲ್ಲ. ಯುಗಾದಿಯ ಹಿಂದಿನ ದಿನದ ಪುಟದಲ್ಲಿ 'ನಾಳೆ'ಯೇ ಇಲ್ಲ. ಪ್ರೋಗ್ರಾಮು ಹೊರಟು, ಅಲ್ಲಿಗೆ ಬಂದು ನಿಂತಿತು. ಒಂದೇ ಫ್ಲಾಪಿ ಸಾಕಾಯಿತು.

"ಹೋತಲ್ರಿ ನನ್ನ ಪ್ರಮೋಷನ್," ಎಂದ ಫಕ್ರುದ್ದೀನ.

ಭಾನುವಾರ ದಹಿಸರ್‌ನಲ್ಲಿ ಜನ ಮೇಜಿನ ಸುತ್ತ ಮುತ್ತಿಕೊಂಡು ತಮತಮಗೆ ಬೇಕಾದ ದಿನ ಒತ್ತಿಸಿ ನೋಡಿದರು. ಸರಸ್ವತಿ ಕೊನೆಯ ಪುಟದವರೆಗೂ ಹೋದರು.

"ಮುಂದೆ ಹೋಗಲ್ವಾ ಇದು? ನಮ್ಮ ಮಗಳು ವಿಮಲಾ ಮದುವೆ ಮೇ ತಿಂಗಳಲ್ಲಿ."

"ಯುಗಾದಿ ಆಗ್ಲಿ ಮೇಡಂ. ಹೊಸದು ತರ್ತೀನಿ."

"ತರಲೇಬೇಕು. ಕುರ್ಚಿ ಇನ್ಮೇಲೆ ಬೇರೆಯವ್ರು ಹಾಕ್ಲಿ ಬಿಡಿ."

ಹೊರಡುವಾಗ ಕೊನೆಯ ಸಾಲಿನಲ್ಲಿ ಒಂದು ಕುರ್ಚಿ ಓರೆಯಾಗಿ ನಿಂತಿತ್ತು. ಜಯಸಿಂಹ ಆಚೀಚೆ ನೋಡಿ, ಅದನ್ನು ನೆಟ್ಟಗೆ ಮಾಡಿಯೇ ಹೋದ.