ಇಂಟರ್‌ವಲ್‌ಗೆ ಮುಂಚೆ ಸತ್ತ ಪೇದೆ

ಗಂಜಿ ಹಾಕಿದ ಖಾಕಿ ಬಟ್ಟೆಗೆ ನೀರು ಚಿಮುಕಿಸಿ, ಕೆಂಡದ ಇಸ್ತ್ರಿಪೆಟ್ಟಿಗೆ ಎಳೆದರೆ ಒಂದು ವಾಸನೆ ಏಳುತ್ತದೆ. ಅರ್ಧ ಅನ್ನದ ತಿಳಿಯದು, ಅರ್ಧ ಕಾದ ಹತ್ತಿಯದು. ಹೋದ ವಾರ ದುರ್ಗದಲ್ಲಿ, ನಮ್ಮ ಬೀದಿಯ ಇಸ್ತ್ರಿ ಗಾಡಿಯ ಮುಂದೆ ಸೀರೆ ಹಿಡಿದು ನಿಂತಿದ್ದಾಗ ಆ ವಾಸನೆ ಮೂಗಿಗೆ ಬಂತು. ಗಾಡಿಯ ಮೇಲೆ ಪೊಲೀಸರ ಅಂಗಿಗಳ ರಾಶಿ. ಪಕ್ಕದಲ್ಲಿ ಇದ್ದಿಲ ಡಬ್ಬಿಗೆ ಒರಗಿಸಿಟ್ಟ ಮೊಬೈಲಿನೊಳಗಿಂದ ಯಾವನೋ ಹುಡುಗ ಕಣ್ಣು ಕೆಕ್ಕರಿಸಿಕೊಂಡು ಹಳೆಯ ಪೊಲೀಸ್ ಸಿನಿಮಾವೊಂದರ ಬಗ್ಗೆ ಭಾಷಣ ಬಿಗಿಯುತ್ತಿದ್ದ. ಆ ಸಿನಿಮಾ ಹೊಸ ಪ್ರಿಂಟಿನಲ್ಲಿ ಮತ್ತೆ ಬಂದಿದೆಯಂತೆ. ಅದರಂಥ ಸಿನಿಮಾ ಹಿಂದೆ ಬಂದಿಲ್ಲವಂತೆ, ಮುಂದೆ ಬರುವುದೂ ಇಲ್ಲವಂತೆ. ಇಂಟರ್‌ವಲ್‌ಗೆ ಮುಂಚೆ ಪೇದೆ ಸಾಯುವ ಸೀನಿಗೆ ಮೈ ಜುಮ್ಮೆನ್ನದವನು ಮನುಷ್ಯನೇ ಅಲ್ಲವಂತೆ.

"ನೀವು ನೋಡೀರೇನಮ್ಮ ಇದನ್ನ?" ಇಸ್ತ್ರಿಯವನು ಕೇಳಿದ.

ನೋಡಿದ್ದೆ. ನೋಡಿದ್ದಷ್ಟೇ ಆಗಿದ್ದರೆ ಚೆನ್ನಾಗಿತ್ತು. ಆ ಒಂದು ಸಿನಿಮಾದಿಂದ ನನ್ನ ತಲೆ ಚಿಟ್ಟುಹಿಡಿದದ್ದು ಅವನಿಗೇನು ಗೊತ್ತು? ಸೀರೆ ಅಲ್ಲೇ ಕೊಟ್ಟು ಮನೆಗೆ ಬಂದೆ. ದಾರಿಯುದ್ದಕ್ಕೂ ನಮ್ಮ ಹಳೆಯ ನೆರೆಮನೆಯ ಪೊಲೀಸಣ್ಣ ಪಕ್ಕದಲ್ಲೇ ನಡೆಯುತ್ತ ವಾದ ಮಾಡುತ್ತಿದ್ದ ಹಾಗೆ ಆಯಿತು…

ಮದುವೆಯಾದ ಹೊಸತರಲ್ಲಿ ನಾವು ಹೊಳಲ್ಕೆರೆಯಲ್ಲಿದ್ದೆವು. ನಮ್ಮನೆಯವರಿಗೆ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಕೆಲಸ. ಒಂದೇ ಗೋಡೆಗೆ ಅಂಟಿಕೊಂಡ ಎರಡು ಮನೆ. ಇತ್ತ ನಾವು, ಅತ್ತ ಒಬ್ಬರು ಪೇದೆ ಮತ್ತವರ ಹೆಂಡತಿ. ನಾನು ಆಕೆಯನ್ನು ಅಕ್ಕ ಎನ್ನುತ್ತಿದ್ದೆ, ಆತನನ್ನು ಪೊಲೀಸಣ್ಣ. ಎರಡೂ ಮನೆಗೆ ಸೇರಿ ಹಿತ್ತಲಲ್ಲಿ ಒಂದೇ ನಲ್ಲಿ. ಸಂಜೆ ನೀರು ಬರುವ ಹೊತ್ತಿಗೆ ಪೊಲೀಸಣ್ಣ ಬನಿಯನ್ನಿನಲ್ಲಿ ಕೂತು ತಮ್ಮ ಅಂಗಿಗೆ ತಾವೇ ಗಂಜಿ ಹಾಕಿ ಹಿಂಡುತ್ತಿದ್ದರು. ಆ ಕೆಲಸ ಅಕ್ಕನಿಗೆ ಬಿಡುತ್ತಿರಲಿಲ್ಲ. "ನೀನು ಹಾಕಿದ್ರೆ ಹಪ್ಪಳ ಆಗ್ತೈತೆ" ಎಂದು ರೇಗಿಸುತ್ತಿದ್ದರು. ಮಾತುಗಾರ. ನಗಿಸುವ ಮನುಷ್ಯ. ನಮ್ಮನೆಯವರಿಗೆ ಕಂಬ ಹತ್ತುವುದು ಬಿಟ್ಟರೆ ಸಿನಿಮಾವೇ ಪ್ರಾಣ, ಅವರಿಬ್ಬರಿಗೂ ಎಷ್ಟು ಹೊಂದಿಕೆ ಎಂದರೆ ನಾವು ಹೆಂಗಸರೇ ಹೊಟ್ಟೆಕಿಚ್ಚು ಪಡಬೇಕು.

ಆ ಸಿನಿಮಾ ಊರಿನ ಟಾಕೀಸಿಗೆ ಬಂದಾಗ ನಾಲ್ವರೂ ಒಟ್ಟಿಗೇ ಹೋದೆವು. ಕಥೆ ಏನು ಮಹಾ ಅಲ್ಲ. ಒಬ್ಬ ಖಡಕ್ ಇನ್‌ಸ್ಪೆಕ್ಟರು, ಒಬ್ಬ ರೌಡಿ. ಸ್ಟೇಷನ್ನಿನಲ್ಲಿ ಟೋಪಿ ಸರಿಯಾಗಿ ನಿಲ್ಲದ, ಎಡವಿ ಬೀಳುವ, ಜನರನ್ನು ನಗಿಸುವ ಒಬ್ಬ ಮುದಿ ಪೇದೆ. ಇಂಟರ್‌ವಲ್‌ಗೆ ಮುಂಚೆ ರೌಡಿ ಆ ಪೇದೆಯನ್ನು ಇರಿದು ಕೊಲ್ಲುತ್ತಾನೆ. ಇನ್‌ಸ್ಪೆಕ್ಟರು ಹೆಣವನ್ನು ತೋಳಲ್ಲೆತ್ತಿ ಮಳೆಯಲ್ಲಿ ನಡೆಯುತ್ತಾನೆ. ಆಮೇಲೆ ಉಳಿದರ್ಧ ಪೂರ್ತಿ ಸೇಡು. ಟಾಕೀಸು ಟಾಕೀಸೇ ಅತ್ತಿತು, ಆಮೇಲೆ ಶಿಳ್ಳೆ ಹೊಡೆಯಿತು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಮನೆ ಕಡೆ ನಡೆಯುವಾಗ ನಮ್ಮನೆಯವರು ನೆಲ ಬಿಟ್ಟು ಎರಡು ಮೊಳ ಮೇಲಿದ್ದರು. ಆ ಫೈಟು, ಆ ಡೈಲಾಗು, ಆ ನಡಿಗೆ… ಪೊಲೀಸಣ್ಣ ಬಸ್ ಸ್ಟ್ಯಾಂಡು ದಾಟಿದ ಮೇಲೆ ನಿಧಾನಕ್ಕೆ ಕೇಳಿದರು: "ಆ ಪೇದೆ ಮನೆ ತೋರಿಸಿದ್ರೇನ್ರಿ?"

"ಯಾವ ಮನೆ?"

"ಸತ್ತೋನಿಗೆ ಮನೆ ಇರಲ್ವ? ಹೆಂಡ್ತಿ ಇರಲ್ವ?"

"ಅಯ್ಯೋ, ಅದೆಲ್ಲ ತೋರಿಸ್ತಾ ಕುಂತ್ರೆ ಪಿಚ್ಚರ್ ಮುಗೀತದಾ?" ಎಂದು ನಮ್ಮನೆಯವರು ನಕ್ಕರು. ಆ ನಗೆಯಿಂದ ಶುರುವಾಯಿತು ನೋಡಿ ರಾಮಾಯಣ.

ಗ್ರಹಚಾರಕ್ಕೆ ಟಾಕೀಸಿನ ನೂಕುನುಗ್ಗಲು ನೋಡಿಕೊಳ್ಳುವ ಡ್ಯೂಟಿ ಪೊಲೀಸಣ್ಣನಿಗೇ ಬಿತ್ತು. ದಿನಾ ಹೋಗಿ ಕ್ಯೂ ನಿಲ್ಲಿಸಬೇಕು, ದಿನಾ ಆ ಪೇದೆ ಸಾಯುವುದನ್ನು ಕೇಳಿಸಿಕೊಳ್ಳಬೇಕು. ಆಟ ಬಿಟ್ಟು ಹೊರಬಂದವರನ್ನು ತಡೆದು, ಪಿಚ್ಚರ್ ಹೆಂಗೈತೆ ಎಂದು ವಿಚಾರಿಸುವುದನ್ನೇ ಕಸುಬು ಮಾಡಿಕೊಂಡರು. ಜನ ಏನು ಹೇಳುತ್ತಾರೆ? ಇನ್‌ಸ್ಪೆಕ್ಟರು ಬೆಂಕಿ ಎನ್ನುತ್ತಿದ್ದರು. ಬಿ.ದುರ್ಗ ಹಳ್ಳಿಯಿಂದ ಬಂದಿದ್ದ ಕುರಿ ಕಾಯುವ ಯಜಮಾನರೊಬ್ಬರು, ರೌಡಿ ಇನ್ನೂ ಸ್ವಲ್ಪ ಹೊಡೆತ ತಿನ್ನಬೇಕಿತ್ತು ಎಂದರಂತೆ. ಹೋಟೆಲ್ ಮಾಲೀಕರು, ಎಲ್ಲಾ ಸರಿ, ಹಾಡು ಒಂದು ಕಮ್ಮಿ ಎಂದರಂತೆ. ಕಾಲೇಜಿನ ಮೇಷ್ಟ್ರು ಅದು ನ್ಯಾಯ ಮತ್ತು ಕಾನೂನಿನ ನಡುವಿನ ಸಂಘರ್ಷ ಎಂದರಂತೆ. "ಆ ಪೇದೆ ಬಗ್ಗೆ ಏನಂತೀರಿ?" ಎಂದು ಇವರು ಕೇಳಿದರೆ, ಪ್ರತಿಯೊಬ್ಬರದೂ ಒಂದೇ ಉತ್ತರ. ಅವನು ಸತ್ತಿದ್ದಕ್ಕೇ ಅಲ್ಲವೇ ಪಿಚ್ಚರಿಗೆ ಖದರು ಬಂದದ್ದು!

ಈ ವರದಿಯನ್ನೆಲ್ಲ ಹೊತ್ತು ನಮ್ಮ ಜಗಲಿಗೆ ಬರುವರು. ನಮ್ಮನೆಯವರು ಸಿನಿಮಾ ಪರ, ಅವರು ಪೇದೆ ಪರ. ನಾನು ಕಾಫಿ ಮಾಡಿ ಕೊಡಬೇಕು, ಅದು ಆರುವ ತನಕ ಇವರ ವಾದ, ಮತ್ತೆ ಬಿಸಿ ಮಾಡಬೇಕು. ಜಮೀನಿನ ಬದುವಿನ ಜಗಳವಾದರೂ ಪಂಚಾಯ್ತಿಯಲ್ಲಿ ಮುಗಿಯುತ್ತದೆ. ಇದು ಮುಗಿಯುವ ಜಾತಿಯದಲ್ಲ. "ನಮ್ಮೋರನ್ನ ಪಿಚ್ಚರ್‌ನಾಗೆ ಒಂದು ನಗ್ಸೋಕೆ ಇಟ್ಕಂತಾರೆ, ಇಲ್ಲಾ ಸಾಯ್ಸೋಕೆ ಇಟ್ಕಂತಾರೆ. ಈ ಡೈರೆಕ್ಟರ್ ಪುಣ್ಯಾತ್ಮ ಎರಡಕ್ಕೂ ಇಟ್ಕಂಡವ್ನೆ" ಎಂದು ಅವರು ಹೇಳಿದರೆ, ಇವರು, "ಕಥೆ ಕಣ್ರಿ, ಕಥೆ!" ಎಂದು ಕಿರುಚುವರು. ನನಗಂತೂ ಇಬ್ಬರ ತಲೆಯನ್ನೂ ಹಿಡಿದು ಒಂದಕ್ಕೊಂದು ಕುಟ್ಟಬೇಕು ಎನಿಸುತ್ತಿತ್ತು. ಅಕ್ಕ ಒಳಗಿನಿಂದಲೇ, "ಇವರ ಬಾಯಿಗೆ ಬೀಗ ಹಾಕೋ ದೇವ್ರು ಯಾವ ಗುಡ್ಯಾಗೂ ಇಲ್ಲ ಬಿಡು" ಎನ್ನುತ್ತಿದ್ದಳು.

ಕೊನೆಗೊಂದು ದಿನ ನಮ್ಮನೆಯವರು ಬಾಯಿ ತಪ್ಪಿ, "ನಿಮಗೆ ಹೊಟ್ಟೆಕಿಚ್ಚು. ನೀವು ಇನ್‌ಸ್ಪೆಕ್ಟರ್ ಆಗಲಿಲ್ಲ ಅಂತ" ಎಂದುಬಿಟ್ಟರು. ಪೊಲೀಸಣ್ಣ ಲೋಟ ಕೆಳಗಿಟ್ಟು ಎದ್ದು ಹೋದರು. ಅಲ್ಲಿಗೆ ಎರಡು ಮನೆಯ ಗಂಡಸರ ಮಾತು ನಿಂತಿತು. ನಾವಿಬ್ಬರು ಹೆಂಗಸರು ಗೋಡೆ ಮೇಲಿಂದ ಸಾರು, ಪಲ್ಯ ದಾಟಿಸಿಕೊಂಡು ಎಂದಿನ ಹಾಗೆ ಇದ್ದೆವು. ಒಂದು ಸಿನಿಮಾಕ್ಕೋಸ್ಕರ ಮಾತು ಬಿಡುವ ಗಂಡಸರನ್ನು ಕಟ್ಟಿಕೊಂಡು ಏಗಬೇಕಲ್ಲ ಎಂದು ಬೈದುಕೊಳ್ಳುತ್ತಲೇ.

ಆಗ ಒಂದು ಸಂಜೆ ನಲ್ಲಿಯ ಹತ್ತಿರ ಅಕ್ಕ ವಿಷಯ ಹೇಳಿದಳು. ಪೊಲೀಸಣ್ಣ ಮೊದಲು ಹಿರಿಯೂರಿನ ಕಡೆ ಕೆಲಸದಲ್ಲಿದ್ದಾಗ ಜೊತೆಗೊಬ್ಬ ಪೇದೆ ಇದ್ದ. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಕಳ್ಳಮಾಲು ಬರುತ್ತದೆಂದು ಹೈವೇಯಲ್ಲಿ ಕಾದು, ಆ ಗೆಳೆಯ ಲಾರಿಗೆ ಕೈ ಅಡ್ಡ ಹಿಡಿದು ನಿಂತ. ಲಾರಿ ನಿಲ್ಲಲಿಲ್ಲ. ಆಮೇಲೆ ಲಾರಿ ಸಿಕ್ಕಿತು, ಹಿಡಿದ ಅಧಿಕಾರಿಗೆ ಶಾಲು ಹೊದಿಸಿದರು, ಪೇಪರಿನಲ್ಲಿ ಫೋಟೋ ಬಂತು. ಸತ್ತವನ ಹೆಂಡತಿಗೆ ಸಿಗಬೇಕಾದ ಅನುಕಂಪದ ನೌಕರಿಯ ಫೈಲು ಮಾತ್ರ ಒಂದು ಟೇಬಲ್ಲಿನಿಂದ ಇನ್ನೊಂದು ಟೇಬಲ್ಲಿಗೆ ಹೋಗುತ್ತಲೇ ಇತ್ತು. ರಜೆ ಸಿಕ್ಕಿದಾಗಲೆಲ್ಲ ಪೊಲೀಸಣ್ಣ ಹಿರಿಯೂರಿಗೆ ಹೋಗಿ, ಆಕೆಯನ್ನು ಕರೆದುಕೊಂಡು ದುರ್ಗದ ಕಚೇರಿಗಳ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು.

"ಸಾವಿನ ಸುದ್ದಿ ಹೇಳೋಕೆ ಆ ಮನೆಗೆ ಇವರನ್ನೇ ಕಳಿಸಿದ್ರು" ಎಂದಳು ಅಕ್ಕ. "ಅವಳು ರೊಟ್ಟಿ ತಟ್ತಾ ಇದ್ಲಂತೆ. ಇವರ ಮುಖ ನೋಡಿ, ಇನ್ನೂ ಬರ್ಲಿಲ್ವ ಅವರು, ಬಿಸಿ ಆರ್ತೈತೆ ಅಂದ್ಲಂತೆ…"

ಕೊಡ ತುಂಬಿ ಹರಿಯುತ್ತಿತ್ತು. ಇಬ್ಬರೂ ನಲ್ಲಿ ನಿಲ್ಲಿಸಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ನಮ್ಮನೆಯವರಿಗೆ ಹೇಳಿದೆ. ಅವರು ಕೈ ತೊಳೆದುಕೊಂಡು ಸೀದಾ ಪಕ್ಕದ ಮನೆಗೆ ಹೋದರು. ಏನು ಮಾತಾಡಿದರೋ ಕೇಳಿಸಲಿಲ್ಲ. ಆದರೆ ಮಾರನೆಯ ಸಂಜೆ ನೋಡಿದರೆ ಇಬ್ಬರೂ ಮತ್ತೆ ಜಗಲಿಯ ಮೇಲೆ, ಮತ್ತೆ ಅದೇ ಸಿನಿಮಾ, ಮತ್ತೆ ಅದೇ ಕಿರುಚಾಟ! ರಾಜಿಯಾದರೆ ಸುಮ್ಮನಾಗುತ್ತಾರೆಂದು ತಿಳಿದಿದ್ದ ನಾನು ಎಂಥ ದಡ್ಡಿ. ಹಾಲಿನ ಪಾತ್ರೆಯನ್ನು ಕುಕ್ಕಿ ಒಲೆ ಮೇಲಿಟ್ಟೆ.

ಸಿನಿಮಾಕ್ಕೆ ನೂರು ದಿನ ತುಂಬಿದ್ದಕ್ಕೆ ದುರ್ಗದಲ್ಲಿ ಸಮಾರಂಭ ಇಟ್ಟರು. ಇನ್‌ಸ್ಪೆಕ್ಟರ್ ಪಾತ್ರದ ನಟರೇ ಬರುತ್ತಾರೆಂದು ಸುತ್ತಲ ಊರುಗಳ ಜನವೆಲ್ಲ ಕಿತ್ತುಕೊಂಡು ಬಂದಿತ್ತು. ನಮ್ಮನೆಯವರು ನನ್ನನ್ನು ಮುಂದಿನ ಸಾಲಿನ ತನಕ ನೂಕಿಕೊಂಡು ಹೋಗಿದ್ದರು. ಬಂದೋಬಸ್ತಿಗೆ ಹೊಳಲ್ಕೆರೆಯಿಂದಲೂ ಪೊಲೀಸರನ್ನು ಕರೆಸಿದ್ದರು. ವೇದಿಕೆಯ ಮೆಟ್ಟಿಲ ಹತ್ತಿರ ಗರಿಗರಿ ಅಂಗಿಯಲ್ಲಿ ನಿಂತಿದ್ದ ಪೊಲೀಸಣ್ಣನನ್ನು ಕಂಡೊಡನೆ ನಮ್ಮನೆಯವರ ತೋಳು ಜಗ್ಗಿ ತೋರಿಸಿದೆ.

ನಟರು ಪೊಲೀಸರನ್ನು ಹೊಗಳಿದರು. ನಿಮ್ಮಂಥವರ ತ್ಯಾಗವೇ ಈ ಚಿತ್ರದ ಉಸಿರು ಎಂದರು. ಚಪ್ಪಾಳೆಯೋ ಚಪ್ಪಾಳೆ. ಅವರು ಮೈಕು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲು ಇಳಿಯುವಾಗ ಪೊಲೀಸಣ್ಣ ಸೆಲ್ಯೂಟ್ ಹೊಡೆದು ಅಡ್ಡ ನಿಂತರು. ಮಾತು ಮೈಕಿನೊಳಗಿಂದ ಇಡೀ ಮೈದಾನಕ್ಕೆ ಕೇಳಿಸಿತು.

"ಸಾರ್, ಆ ಪೇದೆ ಸತ್ತನಲ್ಲ ಸಾರ್, ಅವನ ಹೆಂಡ್ತಿ ಆಮೇಲೆ ಏನು ಮಾಡಿದ್ಲು?"

ಜನ ಗೊಳ್ಳೆಂದರು. ನಟರೂ ನಕ್ಕು, ತಮ್ಮ ಕೊರಳಿನ ಹಾರವನ್ನು ತೆಗೆದು ಪೊಲೀಸಣ್ಣನ ಕೊರಳಿಗೆ ಹಾಕಿ, ಹೆಗಲು ತಟ್ಟಿದರು. ಶಿಳ್ಳೆ. ಅಲ್ಲಿಗೆ ಬಿಡಬಾರದೇ ಆ ಮನುಷ್ಯ? ಹಾರ ಹಾಕಿಕೊಂಡೇ, "ಅಲ್ಲ ಸಾರ್, ಖರೇನೇ ಕೇಳ್ತಾ ಇದೀನಿ" ಎಂದು ಇನ್ನೊಮ್ಮೆ ಕೇಳಿದರು. ಅಷ್ಟರಲ್ಲಿ ಅಧಿಕಾರಿಯೊಬ್ಬರು ತೋಳು ಹಿಡಿದು ಎಳೆದುಕೊಂಡು ಹೋದರು. ಹಾರದ ಹೂವು ಮೆಟ್ಟಿಲ ತುಂಬ ಉದುರಿತು. ನಮ್ಮನೆಯವರು ತಲೆ ಮೇಲೆ ಕೈ ಹೊತ್ತು, "ಕೆಟ್ಟನಲ್ಲಪ್ಪ" ಎಂದರು. ನನಗೆ ಅಳುವೂ ಬಂತು, ಎದ್ದು ಹೋಗಿ ಆತನ ಕೆನ್ನೆಗೊಂದು ಕೊಡಬೇಕು ಅನ್ನುವಷ್ಟು ಸಿಟ್ಟೂ ಬಂತು.

ಆದದ್ದು ಎಲ್ಲರೂ ಎಣಿಸಿದ್ದೇ. ವರ್ಗಾವಣೆ. ಹೊಸದುರ್ಗದಾಚೆ, ಹಾಲುರಾಮೇಶ್ವರದ ಗುಡಿಗೆ ಹೋಗುವ ಬಸ್ಸು ಬಿಟ್ಟರೆ ಬೇರೆ ಬಸ್ಸಿಲ್ಲದ ಕಡೆಗೆ. ಅಕ್ಕ ಪಾತ್ರೆಗಳನ್ನು ಮೂಟೆಗೆ ಎಸೆಯುತ್ತ ಗಂಡನನ್ನು ಬೈದ ಬೈಗುಳ ಬೀದಿಗೆಲ್ಲ ಕೇಳಿಸಿತು. "ಅಷ್ಟು ಜನದ ಎದುರಿಗೆ ಯಾಕೆ ಬೇಕಿತ್ತು ಪೊಲೀಸಣ್ಣ?" ಎಂದು ನಾನೂ ಕೇಳಿದೆ. ಅವರು ಹಗ್ಗ ಬಿಗಿಯುತ್ತಿದ್ದರು.

"ಕಚೇರಿಯಾಗೆ ಕೇಳಿ ಕೇಳಿ ಸಾಕಾಗಿತ್ತು ತಂಗಿ. ಇವರಾದ್ರೂ ಇನ್‌ಸ್ಪೆಕ್ಟ್ರು ಅಲ್ವಾ, ಹೇಳ್ತಾರೇನೋ ಅಂದ್ಕಂಡೆ" ಎಂದು ನಕ್ಕರು. ಅದು ತಮಾಷೆಯೋ ಅಲ್ಲವೋ ಇವತ್ತಿಗೂ ನನಗೆ ತಿಳಿದಿಲ್ಲ.

ಅಂದು ವೇದಿಕೆಯಿಂದ ಎಳೆದುಕೊಂಡು ಹೋದ ಅಧಿಕಾರಿ, ಯಾಕೆ ಹೀಗೆ ಮಾಡಿದೆ ಎಂದು ಗದರಿಸಿದಾಗ, ಪೊಲೀಸಣ್ಣ ಹಿರಿಯೂರಿನ ಆ ಹೆಂಗಸಿನ ವಿಷಯವನ್ನೆಲ್ಲ ಒಂದೇ ಉಸಿರಿಗೆ ಹೇಳಿದ್ದರಂತೆ. ಆ ವರ್ಷ ಮುಗಿಯುವುದರೊಳಗೆ ಆಕೆಗೆ ದುರ್ಗದಲ್ಲಿ ಅಟೆಂಡರ್ ಕೆಲಸ ಸಿಕ್ಕಿತು. ಆ ಪ್ರಶ್ನೆಯಿಂದ ಸಿಕ್ಕಿತೋ, ಅಥವಾ ಸರದಿಯೇ ಬಂದಿತ್ತೋ ಯಾರೂ ಹೇಳಲಿಲ್ಲ. ಪೊಲೀಸಣ್ಣ ತಮ್ಮಿಂದಾಯಿತು ಎಂದು ಒಮ್ಮೆಯೂ ಅನ್ನಲಿಲ್ಲ.

ನಿವೃತ್ತಿಯಾದ ಮೇಲೆ ಅವರು ಹೊಸದುರ್ಗದಲ್ಲೇ ನಿಂತರು. ನಾವು ದುರ್ಗಕ್ಕೆ ಬಂದೆವು. ಟೀವಿಯಲ್ಲಿ ಆ ಸಿನಿಮಾ ಬಂದಾಗಲೆಲ್ಲ ಪೇದೆ ಸತ್ತ ಕೂಡಲೇ ನಮ್ಮನೆ ಫೋನು ಹೊಡೆದುಕೊಳ್ಳುತ್ತಿತ್ತು. "ಸತ್ತ ನೋಡ್ರಿ ಲೈನ್‌ಮನ್ ಸಾಹೇಬ್ರೇ, ಮತ್ತೆ ಸತ್ತ!" ಅಷ್ಟು ಸಾಕು, ಇವರು ಶುರು. ಒಲೆ ಮೇಲಿನ ಅನ್ನ ಸೀದರೂ ಇವರಿಗೆ ಮೂಗಿಲ್ಲ.

ಪೊಲೀಸಣ್ಣ ತೀರಿಕೊಂಡು ಕೆಲವು ವರ್ಷವಾಯಿತು. ಚಾಕು ಅಲ್ಲ, ಲಾರಿ ಅಲ್ಲ. ಊಟ ಮಾಡಿ ಮಲಗಿದವರು ಏಳಲಿಲ್ಲ. ನಾವು ಹೋದಾಗ ಅಕ್ಕನ ಪಕ್ಕದಲ್ಲಿ ನರೆತಲೆಯ ಹೆಂಗಸೊಬ್ಬರು ಅವಳ ಕೈ ಹಿಡಿದು ಕೂತಿದ್ದರು. ಹಿರಿಯೂರಿನ ಆಕೆಯೇ ಎಂದು ಯಾರೂ ಪರಿಚಯ ಮಾಡಿಸಬೇಕಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಯುವ ಅಧಿಕಾರಿಯೊಬ್ಬರು ಹಾರ ಹಾಕಿ, ಕೈ ಮುಗಿದು, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಯಜಮಾನ್ರು ಬಾಳ ನಗಸ್ತಿದ್ರಂತೆ. ಒಳ್ಳೆ ಪಿಚ್ಚರ್‌ನಾಗಿನ ಪೇದೆ ಇದ್ದಂಗೆ." ನಮ್ಮನೆಯವರು ವಾದಕ್ಕೆ ಬಾಯಿ ತೆರೆದರು. ನಾನು ಅವರ ತೋಳು ಹಿಡಿದು ತಡೆದೆ. ಅಕ್ಕ ಮಾತ್ರ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಹೂಂ ಕಣಪ್ಪ" ಎಂದಳು. ಯಾರೊಂದಿಗೆ ಅಂತ ವಾದ ಮಾಡುವುದು…

ಇಸ್ತ್ರಿಯವನ ಮೊಬೈಲಿನಲ್ಲಿ ಆ ಹುಡುಗನ ಭಾಷಣ ಕೇಳಿ ಬಂದ ದಿನ ನಾನು ಮನೆಯಲ್ಲಿ ಏನೂ ಹೇಳಲಿಲ್ಲ. ಆದರೂ ನಮ್ಮನೆಯವರಿಗೆ ಸುದ್ದಿ ಮುಟ್ಟಿತ್ತು. ಭಾನುವಾರ ಹೊಸ ಅಂಗಿ ಹಾಕಿಕೊಂಡು, ನನ್ನನ್ನು ಕರೆದು, ನಾನು ಒಲ್ಲೆನೆಂದಾಗ ಒಬ್ಬರೇ ಮ್ಯಾಟಿನಿಗೆ ಹೊರಟರು. ಇನ್ನು ವಾರವಿಡೀ ಇದೇ ಪುರಾಣ ಎಂದು ಹಣೆ ಚಚ್ಚಿಕೊಂಡೆ.

ಆಟ ಅರ್ಧವಾಗುವ ಹೊತ್ತಿಗೇ ಗೇಟು ಸದ್ದಾಯಿತು. ನೋಡಿದರೆ ಇವರು. ಮುಖದಲ್ಲಿ ರಕ್ತವಿಲ್ಲ. ಮೈ ಹುಷಾರಿಲ್ಲವೇನೋ ಎಂದು ಗಾಬರಿಯಾಗಿ ನೀರು ತಂದುಕೊಟ್ಟೆ. ಕುಡಿಯಲಿಲ್ಲ.

"ಯಾಕ್ರೀ, ಪಿಚ್ಚರ್ ಚೆನ್ನಾಗಿರ್ಲಿಲ್ವ?"

"ಚೆನ್ನಾಗೇ ಐತೆ" ಎಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು. "ಪೇದೆ ಸತ್ತ. ಸುತ್ತ ಹುಡುಗ್ರೆಲ್ಲ ಶಿಳ್ಳೆ ಹೊಡೆದ್ರು. ಜೇಬಿನಾಗೆ ಫೋನು ಹೊಡ್ಕಂತೈತೇನೋ ಅಂತ ತೆಗೆದು ನೋಡ್ದೆ…"

ನಾನು ಒಳಗೆ ಹೋಗಿ ಕಾಫಿಗೆ ಇಟ್ಟೆ. ಮಾಡಿ ತಂದುಕೊಟ್ಟೆ. ಕಿರುಚುವವರು ಯಾರೂ ಇರಲಿಲ್ಲ, ಅವರು ಅದನ್ನು ಬಿಸಿಯಿರುವಾಗಲೇ ಕುಡಿದು ಮುಗಿಸಿದರು.